ಇಂಡಿಯಾದ ಹಂದಿಮರಿ

ಗ್ರೀಕರ ಬಾಯಲ್ಲಿ ಇದು ಇಂಡಿಯಾದ ಹಂದಿಮರಿ.
ಇಂಡಿಯಾ ಕಂಡಿಲ್ಲ, ಹಂದಿಯ ಕುಲವೂ ಅಲ್ಲ.
ನಾವೋ ಗಿನಿಯ ಹೆಸರಿಟ್ಟೆವು, ಅದು ಗಿನಿಯನ್ನೂ ಕಂಡಿಲ್ಲ.
ಯಾರೋ ಒಮ್ಮೆ ತಪ್ಪಾಗಿ ಗುರುತಿಸಿದರು,
ಆಮೇಲೆ ಅದೇ ಗುರುತು.

ಥೆಸಲೊನೀಕಿ. ನೆಲಮಾಳಿಗೆ. ಫೆಬ್ರವರಿ.
ಕಿಟಕಿಸಂದಿಗೆ ತುರುಕಿದ ಹಳೆ ಪತ್ರಿಕೆಯನ್ನು
ಬಂದರಿನ ಗಾಳಿ ಪಟಪಟ ಓದುತ್ತಿದೆ.
ಫೋತಿನಿ ಮೊಣಕೈಯಲ್ಲಿ ಪಂಜರದ ಬಾಗಿಲು ತಳ್ಳಿ
ಮೂವತ್ತೊಂದನೆಯದನ್ನು ಮಡಿಲಿಗೆ ಎತ್ತಿಕೊಳ್ಳುತ್ತಾಳೆ.
ಪಕ್ಕೆಯ ಕೂದಲು ಬೋಳಿಸುತ್ತಾಳೆ, ಅಂಚೆಚೀಟಿಯಷ್ಟಗಲ,
ಅಲ್ಲಿ ಒಂದು ಹನಿ.

ಮೂರು ವಾರದ ಹಿಂದೆ ಇನ್ನೊಂದು ಪಕ್ಕೆಗೆ ಇನ್ನೊಂದು ಹನಿ:
ತುಪ್ಪಳಕ್ಕೆ ಕಪ್ಪು ಬಳಿಯುವ ಬಣ್ಣ.
ಅದರ ಕಣ ಎಷ್ಟು ಸಣ್ಣದೆಂದರೆ
ಮೈ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ,
ಮೈಯದೇ ಒಂದು ಪ್ರೋಟೀನಿನ ಕೊರಳಿಗೆ
ಅದು ಜೋತುಬೀಳುವ ತನಕ.
ಕುದುರೆಯ ರಕ್ತರಸಕ್ಕೆ ಅಂಟಿಸಿ ಚುಚ್ಚಿದಾಗ
ಮೂವತ್ತೊಂದು ಎಲೆಕೋಸು ತಿನ್ನುತ್ತ ಸುಮ್ಮನಿತ್ತು.
ತನ್ನದಕ್ಕೇ ಅಂಟಿದಾಗ ಉರಿಯಿತು.
ಮನೆಮಗ ಯಾರದೋ ಟೊಪ್ಪಿ ಹಾಕಿಕೊಂಡು ಬಂದರೆ
ನಾಯಿ ಬೊಗಳುವುದು ಹೀಗೇ ಇರಬೇಕು.

ಇವತ್ತಿನ ಹನಿ ಬೇರೆ. ಹಲ್ಲಿನ ಡಾಕ್ಟರು
ವಸಡು ಮರಗಟ್ಟಿಸಲು ಸವರುವ ಮುಲಾಮಿನದು.
ಮೂವತ್ತೊಂದು ಇದನ್ನು ಹುಟ್ಟಿದಾಗಿನಿಂದ ಮುಟ್ಟಿಲ್ಲ.
ಆದರೆ ಎರಡಕ್ಕೂ ಅದೇ ಉಂಗುರ,
ಉಂಗುರದ ಅದೇ ಮಗ್ಗುಲಲ್ಲಿ ಅದೇ ಅಮೈನು,
ದಾಯಾದಿಗಳ ಮೂಗಿನ ಹಾಗೆ.
ಇಪ್ಪತ್ತನಾಲ್ಕು ತಾಸು ಕಾಯಬೇಕು.
ಸೊನ್ನೆ ಅಂದರೆ ಏನೂ ಇಲ್ಲ. ಒಂದು, ತುಸು ಕೆಂಪು.
ಮೂರು ಅಂದರೆ ಬೆರಳಿಗೆ ಸಿಗುವ ಊತ.
ಹಗ್ಗ ಕಂಡು ಹಾವೆಂದು ಬೆಚ್ಚಲು
ಚರ್ಮಕ್ಕೆ ಕಣ್ಣಿಲ್ಲ, ಕತ್ತಲೂ ಇಲ್ಲ.

ಫೋತಿನಿಯ ತಾಯಿ ಕಲ್ಲಿರೋಯಿ ಕಸ್ತೋರಿಯಾದವಳು.
ಕೆರೆ ಹೆಪ್ಪುಗಟ್ಟುವ ಆ ಊರಲ್ಲಿ
ಬೇರೆಯವರ ಕೋಟಿಗೆ ತುಪ್ಪಳದ ಚೂರು ಹೊಲಿದವಳು,
ಹನ್ನೆರಡನೇ ವಯಸ್ಸಿಂದ, ಬಾಲ, ಕಿವಿ, ಕಾಲಿನ ತುಂಡು.
ಬಣ್ಣದ ಬಾನಿಯ ಹತ್ತಿರ ಎರಡು ಚಳಿಗಾಲ ನಿಂತಾಗ
ಬೆರಳ ಸಂದಿ ಬಿರಿದು ನೀರಾಡಿತು.
ಬೆಣ್ಣೆ ಸವರಿದರು. ಪಾದ್ರಿ ಎಣ್ಣೆ ಕೊಟ್ಟ.
ಅವಳು ಬಾನಿ ಬಿಟ್ಟಳು, ಸೂಜಿ ಬಿಡಲಿಲ್ಲ.
ಕೈ ವಾಸಿಯಾಯಿತು. ನಲವತ್ತು ವರ್ಷ.
ಮರೆತೆ ಅನ್ನುತ್ತಿದ್ದಳು. ಮರೆತಿದ್ದಳು ಕೂಡ.

ಮರುದಿನ ಬೆಳಿಗ್ಗೆ ಫೋತಿನಿ ಪಕ್ಕೆ ಓದುವ ಮೊದಲೇ ಫೋನು.
ನಿನ್ನೆ ಹಲ್ಲು ಕೀಳಿಸಿದ್ದಳಂತೆ, ದವಡೆಯದು.
ತುಟಿ ಬದನೆಕಾಯಿ, ಎಡಗಣ್ಣು ಮುಚ್ಚಿದೆ,
ಮಾತಾಡುತ್ತಿರುವುದು ಪಕ್ಕದ ಮನೆಯವಳು.
ಹಿಂದೆ ತಾಯಿಯ ದನಿ, ಊದಿದ ಬಾಯಿಯಿಂದ:
'ಅವನ ಮುಲಾಮನ್ನು ನಾನು ಜನ್ಮದಲ್ಲಿ ಕಂಡವಳಲ್ಲ ಅಂತ ಹೇಳು,
ಅವನೇ ಏನೋ ಹೊಲಸು ಬೆರೆಸಿದ್ದಾನೆ.'
ಫೋತಿನಿ ಕೇಳಿದಳು: ಅಮ್ಮನ ಕೈ ನೋಡು, ಬೆರಳ ಸಂದಿ ನೋಡು.
ಆ ಕಡೆ ಮೌನ.
'ಕೆಂಪಗಿದೆ,' ಅಂದಳು ಪಕ್ಕದ ಮನೆಯವಳು,
'ನಿನಗೆ ಹೇಗೆ ಗೊತ್ತು?'

ಹೇಗೆಂದು ಹೇಳಲಿ?
ಇಲಿಗಳು ಹೇಳಿದವು ಅಂದರೆ ಆ ಹೆಂಗಸು ಶಿಲುಬೆ ಹಾಕಿಕೊಳ್ಳುತ್ತಾಳೆ.
ಯಾವ ಔಷಧಿ, ಎಷ್ಟು ಹೊತ್ತಿಗೆ, ಉಸಿರು ಕಟ್ಟಿದರೆ ಯಾವ ಆಸ್ಪತ್ರೆ
ಎಂದಷ್ಟೇ ಬರೆಸಿ ಫೋನಿಟ್ಟಳು.
ಆಮೇಲೆ ಮೂವತ್ತೊಂದನ್ನು ದೀಪದ ಕೆಳಗೆ ಹಿಡಿದಳು.
ಕೆಂಪು. ಬೆರಳಿಗೆ ಸಿಕ್ಕಿತು. ಅದು ಸಣ್ಣಗೆ ಸಿಳ್ಳು ಹಾಕಿ
ಅವಳ ತೋಳಿನ ಒಳಗೆ ಮುಖ ತೂರಿಸಿತು,
ಮೈ ಬಿಸಿಗೋ, ಜೇಬಲ್ಲಿದ್ದ ಕ್ಯಾರೆಟ್ಟಿಗೋ.

ಸಂಜೆ ಡಾಕ್ಟರ್ ವೂರ್ಗಾರಿಸ್ ದಾಖಲೆ ಪುಸ್ತಕ ತಿರುವುತ್ತಾ
ಕೊನೆಯ ಸಾಲಿನಲ್ಲಿ ನಿಂತರು.
ಸಂಖ್ಯೆಯ ಜಾಗ ಖಾಲಿ. ತೂಕ ಇಲ್ಲ.
ಮೊದಲ ಸಂಪರ್ಕ: ಕಸ್ತೋರಿಯಾ, ಎರಡು ಚಳಿಗಾಲ.
ಎರಡನೆಯದು: ನಿನ್ನೆ. ತುಟಿ, ಕಣ್ಣು, ಬೆರಳ ಸಂದಿ. ಮೂರು.
'ಇದು ಯಾವ ಪಂಜರದ್ದು?' ಎಂದರು.
ಫೋತಿನಿ ಕೋಟು ತೊಡುತ್ತಿದ್ದಳು.
ರಾತ್ರಿಯ ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ.